ತಿಮಿಂಗಿಲದ ಬಾಯಿ ಹೊಲಿದ ಬೇಸಿಗೆ

ಶಿಬಿರದ ಬಸ್ಸು ಇನ್ನೂ ಚರ್ಚಿನ ಗೇಟು ದಾಟಿರಲಿಲ್ಲ, ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು ನನ್ನ ಕಿವಿಗೆ ಬಾಯಿ ಇಟ್ಟಳು.

“ಅಜ್ಜೀ, ಒಂದು ವಿಷಯ ಹೇಳ್ತೀನಿ. ಅಳಬಾರ್ದು.”

“ಯಾರಿಗೂ ಹೇಳ್ದೆ ಮದುವೆ ಮಾಡ್ಕೊಂಡ್ಯಾ?”

“ಥೂ, ಹೋಗಜ್ಜಿ! ಕಮಿಟಿಯವರು ಹೊಸ ನಿಯಮ ಮಾಡಿದ್ದಾರೆ. ಎಪ್ಪತ್ತು ದಾಟಿದವರು ಮುಂದಿನ ವರ್ಷದಿಂದ ಶಿಬಿರದ ಸೇವೆಗೆ ಬರೋ ಹಾಗಿಲ್ಲ. ಈ ಸಲ ಮುಗಿಯೋದ್ರೊಳಗೆ ಪಾಸ್ಟರ್ ನಿಂಗೆ ಹೇಳ್ಬೇಕಂತೆ. ನಾನು ಹೇಳ್ದೆ ಅಂತ ಬಾಯಿ ಬಿಡ್ಬೇಡ ಮತ್ತೆ.”

“ನಂಗೆ ಅರವತ್ತೊಂಬತ್ತು ಕಣೇ.”

“ನಾನು ಎರಡನೇ ಕ್ಲಾಸಲ್ಲಿದ್ದಾಗ್ಲೂ ನಿಂಗೆ ಅರವತ್ತೊಂಬತ್ತೇ ಇತ್ತು.”

ಈಗ ಅವಳು ಕಾಲೇಜು. ಲೆಕ್ಕ ಹಾಕುವವರು ಹಾಕಿಕೊಳ್ಳಲಿ. ನನಗೆ ಅಷ್ಟೆಲ್ಲ ಓದು ಬರಹ ಬರುವುದಿಲ್ಲ.

ಮನೆಯಲ್ಲಿ ನನಗೆ ಏನೂ ಕಡಿಮೆ ಇಲ್ಲ. ಮಗ ಒಳ್ಳೆಯವನು, ಸೊಸೆ ಅವನಿಗಿಂತ ಒಳ್ಳೆಯವಳು. ಪೊರಕೆ ಹಿಡಿದರೆ “ಅಮ್ಮಾ, ನೀವು ಕೂತ್ಕೊಳ್ಳಿ.” ಪಾತ್ರೆ ಮುಟ್ಟಿದರೆ “ಅಮ್ಮಾ, ನೀವು ಕೂತ್ಕೊಳ್ಳಿ.” ಹೀಗೆ ಕೂತು ಕೂತು ಆ ಕುರ್ಚಿಯಲ್ಲಿ ನನ್ನ ಆಕಾರದ ಹಳ್ಳವೇ ಬಿದ್ದಿದೆ. ನಾನು ಸತ್ತ ಮೇಲೆ ಫೋಟೋ ಹಾಕುವ ಖರ್ಚಿಲ್ಲ, ಕುರ್ಚಿ ನೋಡಿದರೆ ಸಾಕು. ವರ್ಷಕ್ಕೊಮ್ಮೆ, ಬೇಸಿಗೆ ರಜೆಯಲ್ಲಿ, ಈ ಕೊಳದ ಪಕ್ಕದ ಶಿಬಿರದಲ್ಲಿ ಮಾತ್ರ ಯಾರೂ ನನಗೆ ಕೂತ್ಕೊಳ್ಳಿ ಅನ್ನುವುದಿಲ್ಲ. ಇಲ್ಲಿ “ಅಜ್ಜೀ, ಗುಂಡಿ ಕಿತ್ಹೋಯ್ತು”, “ಅಜ್ಜೀ, ಟೆಂಟು ಹರೀತು”, “ಅಜ್ಜೀ, ಇವನು ನನ್ನ ಮೂಗಿಗೆ ಕಡಲೆಕಾಳು ತುರುಕಿದ” ಎಂದು ಬೆಳಗಿನಿಂದ ರಾತ್ರಿಯವರೆಗೆ ನನ್ನ ಸೆರಗು ಜಗ್ಗುತ್ತಾರೆ. ಮಕ್ಕಳು ನೂರರ ಹತ್ತಿರ. ಗದ್ದಲ ಕೇಳಿದರೆ ಹತ್ತು ಸಾವಿರ.

ನಾನು ಮೊದಲ ಸಲ ಬಂದದ್ದು ನನ್ನ ಯಜಮಾನರು ಹೋದ ವರ್ಷ. ಆಗ ಶಿಬಿರದ ಅಡುಗೆಯವನು ಏನೂ ಕೇಳದೆ ಒಂದು ಬುಟ್ಟಿ ಈರುಳ್ಳಿ ನನ್ನ ಮುಂದೆ ಸುರಿದಿದ್ದ. ಹೆಚ್ಚುತ್ತಾ ಎಷ್ಟು ಅತ್ತರೂ ಯಾರೂ ಯಾಕೆ ಎಂದು ಕೇಳಲಿಲ್ಲ. ಅವತ್ತಿನಿಂದ ಅವನು ಬೈದರೂ ನನಗೆ ಆಶೀರ್ವಾದ.

ಅದಕ್ಕೇ ಬಸ್ಸಿನಲ್ಲೇ ಒಂದು ತೀರ್ಮಾನ ಮಾಡಿದೆ. ಪಾಸ್ಟರು ಹೇಳಿದರೆ ತಾನೇ ನಿಯಮ? ಅವರಿಗೆ ಹೇಳಲು ಬಿಡದಿದ್ದರೆ ಆಯಿತು.

ನಮ್ಮ ಪಾಸ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯ ಹುಡುಗ. ಇದೇ ಶಿಬಿರಕ್ಕೆ ಏಳು ವರ್ಷದವನಾಗಿದ್ದಾಗ ಬಂದು, ಹಾಸಿಗೆ ಒದ್ದೆ ಮಾಡಿಕೊಂಡಾಗ, ಅದನ್ನು ನಾನು ಯಾರಿಗೂ ಕಾಣದಂತೆ ಬಿಸಿಲಿಗೆ ಹಾಕಿದ್ದುಂಟು. ಈಗ ಬಿಳಿ ಕಾಲರು ಹಾಕಿಕೊಂಡು ಗಂಭೀರವಾಗಿ ನಡೆಯುತ್ತಾರೆ. ನಾಲ್ಕು ಜನರ ಮುಂದೆ ನಾನು “ಪಾಸ್ಟರೇ” ಎನ್ನುತ್ತೇನೆ. ಯಾರೂ ಇಲ್ಲದಾಗ “ಮಗಾ” ಎನ್ನುತ್ತೇನೆ. ಎರಡಕ್ಕೂ ಓಗೊಡುತ್ತಾರೆ.

ಮೊದಲ ದಿನವೇ ಅಡುಗೆಮನೆಯ ಹಿಂದೆ ಬಂದು ನಿಂತರು. ಕೈ ಕೈ ಹಿಸುಕಿಕೊಂಡರು.

“ಅಜ್ಜಿ, ನಿಮ್ಮ ಹತ್ರ ಒಂದು ಮಾತು…”

“ಹೇಳಪ್ಪಾ. ಈ ಆಲೂಗಡ್ಡೆ ಸುಲೀತಾ ಹೇಳು.”

ಸುಲಿಯುವ ಚಾಕು ಕೈಗೆ ಕೊಟ್ಟು ನಾನು ನೀರು ತರುವ ನೆಪದಲ್ಲಿ ಕಾಲಿಗೆ ಬುದ್ಧಿ ಹೇಳಿದೆ. ಅಷ್ಟು ಬೇಗ ನಡೆದದ್ದು ನನ್ನ ಮದುವೆ ಗೊತ್ತಾದ ದಿನದ ಮೇಲೆ ಇದೇ ಮೊದಲು. ಅರ್ಧ ಗಂಟೆ ಬಿಟ್ಟು ಬಂದರೆ ಪಾಪ, ಇಡೀ ಬುಟ್ಟಿ ಸುಲಿದು ಇಟ್ಟು ಹೋಗಿದ್ದರು. ಮರುದಿನ “ಅಜ್ಜಿ, ನಿನ್ನೆ ಹೇಳ್ಬೇಕೂಂತಿದ್ದೆ…” ಎಂದು ಬಂದಾಗ ಸೂಜಿಗೆ ದಾರ ಪೋಣಿಸಲು ಕೊಟ್ಟೆ. ಅದರ ಮರುದಿನ ಕ್ಯಾರೆಟ್ಟು. ಒಂದು ದಿನ ಏನೂ ಸಿಗದೆ ಕೆಮ್ಮು ಬರಿಸಿಕೊಂಡೆ. ಎಂಥ ಕೆಮ್ಮು ಅಂದರೆ ಕೊಳದ ಆಚೆ ದಡದ ಬಾತುಕೋಳಿಗಳೆಲ್ಲ ಎದ್ದು ಹಾರಿದವು.

ಅಡುಗೆಯವನು ಕೇಳಿದ, “ಅಜ್ಜಿ, ಈ ಪಾಸ್ಟರು ಈ ಸಲ ಯಾಕೆ ಇಷ್ಟು ಕೆಲಸ ಮಾಡ್ತಿದ್ದಾರೆ? ಪರ್ಮನೆಂಟಾಗಿ ನನ್ನ ಜೊತೆಗೇ ಬಿಟ್ಬಿಡಿ ಅನ್ನಿ. ಚರ್ಚಲ್ಲಿ ಉಪದೇಶ ಬೇರೆ ಯಾರಾದ್ರೂ ಮಾಡ್ಕೊಳ್ಳಲಿ.”

ಹೀಗೆ ದಿನ ತಳ್ಳುತ್ತಾ ತಳ್ಳುತ್ತಾ ಕೊನೆಯ ದಿನ ಬಂತು. ಅವತ್ತು ಮಧ್ಯಾಹ್ನ ಹೆತ್ತವರ ಮುಂದೆ ಮಕ್ಕಳ ನಾಟಕ. ಈ ಸಲದ ಕಥೆ, ದೇವರು ಒಂದು ಪಟ್ಟಣಕ್ಕೆ ಹೋಗಿ ಕೆಟ್ಟ ಸುದ್ದಿ ಹೇಳು ಎಂದು ಕಳಿಸಿದರೆ, ಹೇಳಲಾರದೆ ಹಡಗು ಹತ್ತಿ ಓಡಿದ ಪ್ರವಾದಿಯದು. ಅವನನ್ನು ಸಮುದ್ರಕ್ಕೆ ಎಸೆಯುತ್ತಾರೆ, ದೊಡ್ಡ ಮೀನು ನುಂಗುತ್ತದೆ, ಮೂರು ದಿನ ಹೊಟ್ಟೆಯಲ್ಲಿಟ್ಟುಕೊಂಡು ದಡಕ್ಕೆ ಕಕ್ಕುತ್ತದೆ. ವಾರವೆಲ್ಲ ಮೊಮ್ಮಗಳು ಮಕ್ಕಳಿಗೆ ಈ ಕಥೆ ಎಷ್ಟು ಸಲ ಹೇಳಿಕೊಟ್ಟಿದ್ದಳೆಂದರೆ ಅವು ನಿದ್ದೆಯಲ್ಲೂ ಅದನ್ನೇ ಬಡಬಡಿಸುತ್ತಿದ್ದವು. ಪ್ರವಾದಿಯ ವೇಷ ಪಾಸ್ಟರದು. ಮೀನು ತಯಾರಿಸುವ ಕೆಲಸ ನನ್ನದು. ನಾವು ಅದಕ್ಕೆ ತಿಮಿಂಗಿಲ ಎಂದು ಬಡ್ತಿ ಕೊಟ್ಟಿದ್ದೆವು.

ಅಂಥ ತಿಮಿಂಗಿಲವನ್ನು ಸಮುದ್ರವೂ ಕಂಡಿರಲಿಕ್ಕಿಲ್ಲ. ಮೈಗೆ ಒಂದು ದೊಡ್ಡ ಬೂದು ಬಣ್ಣದ ಹೊದಿಕೆ. ಕಮಿಟಿ ಸೆಕ್ರೆಟರಿಯವರ ಹೆಂಡತಿ ಪುಣ್ಯಾತ್ಗಿತ್ತಿ, ಮೊದಲ ದಿನ ಮಗನನ್ನು ಬಿಡಲು ಬಂದಾಗ ಅದನ್ನು ತಂದುಕೊಟ್ಟು, “ಹರೀಬೇಡಿ, ನಮ್ಮನೆಯವರಿಗೆ ಗೊತ್ತಿಲ್ಲ” ಎಂದು ಹೇಳಿ ಹೋಗಿದ್ದರು. ಹಲ್ಲಿಗೆ ಬಿಳಿ ಕಾಗದದ ಲೋಟ. ಹೊದಿಕೆಗೆ ಕತ್ತರಿ ಹಾಕದೆ, ಅಂಚಿಗೆ ಜೋಡಿಸಿದ ಹಳೆ ಬೆಡ್‌ಶೀಟಿನಲ್ಲಿ ಕಣ್ಣಿಗೆ ಎರಡು ತೂತು, ತಳದಲ್ಲಿ ನಾಲ್ಕು ಕಾಲಿಗೆ ನಾಲ್ಕು ತೂತು. ಒಳಗೆ ಮುಂದೆ ಅಡುಗೆಯವನು ನಿಂತು ಮೀನನ್ನು ನಡೆಸಬೇಕು, ಹಿಂದೆ ಹೊಟ್ಟೆಯಲ್ಲಿ ಪಾಸ್ಟರು. ಒಳಗೆ ಹೋಗಲು, ಹೊರಗೆ ಬರಲು ಇರುವುದು ಒಂದೇ ದಾರಿ, ಬಾಯಿ.

ಆ ಬಾಯಿಯದೇ ತೊಂದರೆ. ತಾಲೀಮಿನಲ್ಲಿ ಲಾಡಿ ಕಟ್ಟಿದ್ದೆವು. ಮೊದಲ ದಿನವೇ ಲಾಡಿ ಬಿಚ್ಚಿಹೋಗಿ ಪ್ರವಾದಿ ತಲೆಕೆಳಗಾಗಿ ಹೊರಗೆ ಬಿದ್ದಿದ್ದರು. ಮಕ್ಕಳು “ಮೀನಿಗೆ ವಾಂತಿ, ಮೀನಿಗೆ ವಾಂತಿ” ಎಂದು ಕುಣಿದವು.

ಆಗ ನಾನು ಹೇಳಿದೆ, “ನಂಗೆ ಬಿಡಿ. ಹಿಟ್ಟಿನ ಮಿಲ್ಲಲ್ಲಿ ಮೂಟೆ ಬಾಯಿ ಹೊಲಿದು ಬದುಕಿದವಳು ನಾನು.”

ಮೂಟೆ ಹೊಲಿಗೆ ಎಂದರೆ ಸರಪಳಿ ಹೊಲಿಗೆ. ಮುಗಿದ ಕಡೆಯ ತುದಿ ಹಿಡಿದು ಒಂದು ಸಲ ಎಳೆದರೆ ಸರ್ರನೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಶುರುವಿನ ತುದಿ ಎಳೆದರೆ ಮಾತ್ರ ಆನೆ ಎಳೆದರೂ ಬಿಚ್ಚದು, ಇನ್ನೂ ಬಿಗಿಯುತ್ತದೆ. ಹೊಲಿದು ಮುಗಿಸಿ, ಮುಗಿದ ತುದಿಯನ್ನು ಒಳಗೆ ತೂರಿಸಿ ಪಾಸ್ಟರ ಕೈಗೆ ಕೊಡುವುದು, ಮೂರು ದಿನ ಮುಗಿಯಿತು ಎಂದಾಗ ಅವರು ಎಳೆಯುವುದು. ಇಷ್ಟೇ ಏರ್ಪಾಟು. ಮಗುವಿಗೂ ಅರ್ಥವಾಗುತ್ತದೆ.

ಹೆತ್ತವರು ಬಂದು ಬೆಂಚುಗಳ ಮೇಲೆ ಕೂತರು. ಮುಂದಿನ ಸಾಲಿನಲ್ಲಿ ಸೆಕ್ರೆಟರಿಯವರು, ಪಕ್ಕದಲ್ಲಿ ಅವರ ಹೆಂಡತಿ. ಸೆಕ್ರೆಟರಿಯವರು ಹಲ್ಲಿನ ಡಾಕ್ಟರು. ಅವರ ಎದುರಿಗೆ ಯಾರೂ ಬಾಯಿ ಬಿಟ್ಟು ನಗುವುದಿಲ್ಲ, ಕೂಡಲೇ ಹುಳುಕು ಎಣಿಸುತ್ತಾರೆ. ನಿಯಮ ತಂದವರು ಅವರೇ. ಹೋದ ವರ್ಷ ಹಗ್ಗ ಜಗ್ಗಾಟದಲ್ಲಿ ನಾನು ಬಿದ್ದದ್ದನ್ನು ನೋಡಿ ಹೆದರಿದರಂತೆ. ನಾನು ಎಲ್ಲಿ ಬಿದ್ದೆ? ಬಿದ್ದದ್ದು ಎದುರಿನ ತಂಡ. ನಾನು ಅವರ ಮೇಲೆ ಬಿದ್ದೆ, ಅಷ್ಟೇ.

ಬೆಡ್‌ಶೀಟಿನ ಪರದೆಯ ಹಿಂದೆ ತಿಮಿಂಗಿಲ ಕಾಯುತ್ತಿತ್ತು. ಅಡುಗೆಯವನು ಆಗಲೇ ಒಳಗಿದ್ದ.

“ಅಜ್ಜಿ, ಬೇಗ ಮುಗಿಸಿ. ಒಲೇಲಿ ಸಂಜೆಗೆ ಬನ್ನು ಇಟ್ಟು ಬಂದಿದ್ದೀನಿ.”

ಹಡಗಿನಿಂದ ಎಸೆಯಲ್ಪಟ್ಟ ಪಾಸ್ಟರು ತೆವಳಿಕೊಂಡು ಒಳಗೆ ಹೋದರು. ಹೊರಗೆ ಮಕ್ಕಳು ಹಾಡು ಶುರು ಮಾಡಿದವು. ನಾನು ದಬ್ಬಣ ಹಿಡಿದು ಶುರು ಮಾಡಿದೆ.

ಅರ್ಧ ಬಾಯಿ ಮುಚ್ಚಿತ್ತು. ಒಳಗಿನಿಂದ ಪಾಸ್ಟರ ದನಿ ಬಂತು.

“ಅಜ್ಜಿ, ಈಗ ನೀವು ನಂಗೆ ಆಲೂಗಡ್ಡೆ ಕೊಡೋಕಾಗಲ್ಲ.”



“ಈಗ ಬೇಡಪ್ಪಾ. ಹೊಲೀತಿದ್ದೀನಿ.”

“ನಾಳೆ ಬೆಳಿಗ್ಗೆ ಬಸ್ಸು ಬರುತ್ತೆ. ನಾನು ಹೇಳ್ಲೇಬೇಕು. ಕಮಿಟಿಯವರು ಒಂದು ತೀರ್ಮಾನ…”

ಅವರು ಹೇಳುತ್ತಾ ಹೋದ ಹಾಗೆ ನಾನು ಹೊಲಿಯುತ್ತಾ ಹೋದೆ. ಬಾಯಿ ಮುಚ್ಚಿದರೆ ಮಾತೂ ನಿಲ್ಲುತ್ತದೆ ಅನ್ನಿಸಿತ್ತೋ ಏನೋ. ಮಿಲ್ಲಿನಲ್ಲಿ ಲಾರಿ ಬಾಗಿಲಲ್ಲಿ ನಿಂತಾಗಲೂ ಅಷ್ಟು ಬಿರುಸಾಗಿ ಹೊಲಿದವಳಲ್ಲ. ದಬ್ಬಣದಿಂದ ಹೊಗೆ ಬಂದಿರಬೇಕು. “ಎಪ್ಪತ್ತು ದಾಟಿದವರು…” ಎನ್ನುವಷ್ಟರಲ್ಲಿ ಕೊನೆಯ ಹೊಲಿಗೆ ಬಿತ್ತು. ಒಂದು ದಾರದ ತುದಿ ಒಳಗೆ ತುರುಕಿ, “ಹಿಡ್ಕೋ ಮಗಾ” ಎಂದೆ. ಅಷ್ಟರಲ್ಲಿ ಮೊಮ್ಮಗಳು ಪರದೆ ಎಳೆದೇ ಬಿಟ್ಟಳು.

ತಿಮಿಂಗಿಲ ಮೈದಾನಕ್ಕೆ ಇಳಿದಾಗ ಬಿದ್ದ ಚಪ್ಪಾಳೆಗೆ ಮರದ ಎಲೆಗಳು ಉದುರಿದವು. ಅದು ಬಾಲ ಕುಣಿಸಿತು, ಒಂದು ಸುತ್ತು ಬಂತು, ಡಾಕ್ಟರ ಮುಂದೆ ನಿಂತು ತಲೆ ಬಗ್ಗಿಸಿತು. ಡಾಕ್ಟರು ಅದರ ಕಾಗದದ ಹಲ್ಲು ನೋಡಿ ಮೆಚ್ಚಿದರು.

ಮೊಮ್ಮಗಳು ಕೂಗಿದಳು, “ಮೂರು ದಿನ ಕಳೆಯಿತು! ಮೀನು ಪ್ರವಾದಿಯನ್ನು ದಡಕ್ಕೆ ಕಕ್ಕಿತು!”

ಮೀನು ಕಕ್ಕಲಿಲ್ಲ.

ಅವಳು ಮತ್ತೆ ಕೂಗಿದಳು. ಹೊಟ್ಟೆಯ ಜಾಗದಲ್ಲಿ ಏನೋ ಉಬ್ಬಿತು, ತಗ್ಗಿತು. ಹೊದಿಕೆಯ ಮೇಲೆ ಮೊಣಕೈಯ ಗುರುತು ಮೂಡಿತು. ಒಳಗಿನಿಂದ “ಎಳೀತಿದ್ದೀನಿ! ಎಳೀತಾನೇ ಇದ್ದೀನಿ!” ಎಂಬ ಸಣ್ಣ ದನಿ ಕೇಳಿತು. ಮಕ್ಕಳು ಇದೂ ನಾಟಕವೇ ಎಂದುಕೊಂಡು ಬಿದ್ದು ಬಿದ್ದು ನಕ್ಕವು.

ಆಗಲೇ ಅಡುಗೆಮನೆಯ ಕಿಟಕಿಯಲ್ಲಿ ಹೊಗೆ ಕಾಣಿಸಿತು. ನನಗಿಂತ ಮೊದಲು ಅದನ್ನು ಕಂಡದ್ದು ತಿಮಿಂಗಿಲದ ಕಣ್ಣಿನ ತೂತಿನಲ್ಲಿದ್ದ ಅಡುಗೆಯವನು.

“ಅಯ್ಯಯ್ಯೋ, ನನ್ನ ಬನ್ನು!”

ತಿಮಿಂಗಿಲ ಓಡತೊಡಗಿತು. ಮುಂದಿನ ಕಾಲು ಅಡುಗೆಮನೆಯ ಕಡೆಗೆ, ಹಿಂದಿನ ಕಾಲು ಎಲ್ಲಿ ಬೇಕಾದರೂ. ಪಾಸ್ಟರ ಎರಡು ಚಪ್ಪಲಿಯೂ ದಾರಿಯಲ್ಲೇ ಕಳಚಿ ಬಿದ್ದವು. ಕುರ್ಚಿ ಬಿತ್ತು, ಶರಬತ್ತಿನ ಮೇಜು ಬಿತ್ತು, ಒಬ್ಬರು ಭಾರಿ ಮೈಯ ಹೆಂಗಸು ಮೀನಿನ ಬೆನ್ನ ಮೇಲೇ ಒಂದು ಕ್ಷಣ ಕೂತು ಇಳಿದರು. ಹಿಂದೆ ನೂರು ಮಕ್ಕಳು, ಅವರ ಹಿಂದೆ ಡಾಕ್ಟರು, ಅವರ ಹಿಂದೆ ಹೆತ್ತವರು. ಕೊನೆಗೆ ಅಡುಗೆಮನೆಯ ಬಾಗಿಲಲ್ಲಿ ತಲೆ ಒಳಗೆ, ಬಾಲ ಹೊರಗೆ, ನಡು ಸಿಕ್ಕಿಹಾಕಿಕೊಂಡು ತಿಮಿಂಗಿಲ ನಿಂತಿತು.

ನನಗೆ ಅಷ್ಟರಲ್ಲಿ ಹೊಳೆದಿತ್ತು. ನಾಲಿಗೆ ಕಚ್ಚಿಕೊಂಡೆ. ಸೀರೆಯ ನೆರಿಗೆ ಎತ್ತಿ ಹಿಡಿದು, ಹಿಂದಿನ ಬಾಗಿಲಿನಿಂದ ಅಡುಗೆಮನೆಗೆ ನುಗ್ಗಿದೆ. ಮೊದಲು ಒಲೆ ಆರಿಸಿ ಬನ್ನಿನ ತಟ್ಟೆ ಹೊರಗೆಳೆದೆ.

“ಅಜ್ಜೀ! ನಾವಿಲ್ಲಿ ಇದ್ದೀವಿ!” ಎಂದರು ಪಾಸ್ಟರು.

“ಮೊದಲು ಬನ್ನು, ಆಮೇಲೆ ಪ್ರವಾದಿ. ಮಕ್ಕಳು ತಿನ್ನೋದು ಬನ್ನನ್ನ ತಾನೇ.”

“ಕರಕಲಾಯ್ತಾ?” ಎಂದ ಅಡುಗೆಯವನು, ಅಳುವ ದನಿಯಲ್ಲಿ.

“ತಳ ಮಾತ್ರ. ನಿನ್ನ ಬಣ್ಣಕ್ಕೆ ಬಂದಿದೆ.”

ಕಿಟಕಿಗಳ ತುಂಬ ಮಕ್ಕಳ ಮುಖ. ನನ್ನ ಹಿಂದೆಯೇ ಹೆಂಡತಿಯ ಜೊತೆ ಬಂದ ಡಾಕ್ಟರು ಗೂಡಿನಿಂದ ಬ್ರೆಡ್ ಕೊಯ್ಯುವ ಉದ್ದನೆಯ ಚಾಕು ಎತ್ತಿಕೊಂಡರು.

“ಸರೀರಿ ಎಲ್ರೂ. ಕೊಯ್ದುಬಿಡ್ತೀನಿ.”

“ಡಾಕ್ಟ್ರೇ, ಬೇಡಾ!” ಕಿಟಕಿಯಿಂದ ಮೊಮ್ಮಗಳು ಕಿರುಚಿದಳು. “ಅದು ನಿಮ್ಮ ಹೊಸ ಕಾರಿನ ಹೊದಿಕೆ!”

ಡಾಕ್ಟರ ಕೈ ಗಾಳಿಯಲ್ಲೇ ನಿಂತಿತು. ಹೆಂಡತಿಯ ಕಡೆಗೆ ನೋಡಿದರು. ಆಕೆ ಚಾವಣಿ ನೋಡಿದರು. ಇಂಗು ತಿಂದ ಮಂಗನ ಮುಖ ಹೇಗಿರುತ್ತದೆ ಎಂದು ನಾನು ನೋಡಿದ್ದು ಆಗಲೇ.

“ಅಜ್ಜಿ,” ಎಂದರು ಅವರು, ಚಾಕು ಮೆಲ್ಲಗೆ ಕೆಳಗಿಟ್ಟು, “ನೀವೇ ಬಿಚ್ಚಿ.”

ನಾನು ತಿಮಿಂಗಿಲದ ಬಾಯಿಯ ಹತ್ತಿರ ಬಗ್ಗಿದೆ. “ಪಾಸ್ಟರೇ, ಯಾವ ದಾರ ಎಳೀತಿದ್ದೀರಿ?”

“ನೀವು ಕೊಟ್ಟಿದ್ದೇ!”

“ಬಿಡಿ ಅದನ್ನ. ಅದು ಶುರುವಿನ ತುದಿ.”

“ಇನ್ನೊಂದು ಎಲ್ಲಿ?”

“ಇಲ್ಲೇ ಹೊರಗೆ ನೇತಾಡ್ತಾ ಇದೆ.”

“ಹೊರಗೆ ಯಾಕಜ್ಜೀ ಬಿಟ್ರಿ?”

“ಮಾತಿನ ಭರದಲ್ಲಿ ಕೈ ಹಳೇ ಅಭ್ಯಾಸಕ್ಕೆ ಹೋಯ್ತು ಕಣಪ್ಪಾ. ಜೀವಮಾನ ಎಲ್ಲಾ ಮೂಟೆ ಹೊಲಿದಿದ್ದೀನಿ. ಒಂದಾದ್ರೂ ಹಿಟ್ಟಿನ ಮೂಟೆ ಒಳಗಿಂದ ‘ನಾನು ಹೊರಗೆ ಬರ್ಬೇಕು’ ಅಂದಿರ್ಲಿಲ್ಲ.”

ಕಿಟಕಿಗಳು ಒಡೆಯುವಂಥ ನಗು. ಒಳಗೆ ಅಡುಗೆಯವನೂ ನಕ್ಕ, ತಿಮಿಂಗಿಲದ ತಲೆ ಗಡಗಡ ಅಲುಗಿತು.

ದಾರದ ತುದಿ ನನ್ನ ಬೆರಳಿಗೆ ಸಿಕ್ಕಿತು. ಒಂದೇ ಎಳೆತದ ಕೆಲಸ. ಆದರೆ ಕೈ ಬರಲಿಲ್ಲ. ಇದನ್ನು ಎಳೆದರೆ ನಾಟಕ ಮುಗಿಯಿತು, ಬೆಳಿಗ್ಗೆ ಬಸ್ಸು, ಆಮೇಲೆ ಆ ಕುರ್ಚಿ. ಮುಂದಿನ ಬೇಸಿಗೆಗೂ ಆ ಕುರ್ಚಿಯೇ. ವಾರವೆಲ್ಲ ಓಡಿ ಓಡಿ ಕೊನೆಗೆ ಬಂದು ನಿಂತದ್ದು ಮೀನಿನ ಬಾಯಿಯ ಮುಂದೆ. ಇನ್ನು ಎಲ್ಲಿಗೆ ಓಡಲಿ?

“ಪಾಸ್ಟರೇ, ಆಗ ಏನೋ ಹೇಳ್ತಿದ್ರಲ್ಲ, ಅರ್ಧಕ್ಕೇ ನಿಂತುಹೋಯ್ತು. ಈಗ ಹೇಳಿ.”

“ಈಗ್ಲಾ?”

“ಈಗ್ಲೇ. ಎಲ್ರೂ ಇದ್ದಾರೆ.”

ತಿಮಿಂಗಿಲದ ಹೊಟ್ಟೆಯಿಂದ ಮಾತು ಬಂತು. “ಮುಂದಿನ ವರ್ಷದಿಂದ ಎಪ್ಪತ್ತು ದಾಟಿದವರು ಶಿಬಿರಕ್ಕೆ ಬರೋದು ಬೇಡ ಅಂತ ಕಮಿಟಿ ತೀರ್ಮಾನ ಮಾಡಿದೆ, ಅಜ್ಜಿ. ಮೊದಲ ದಿನಾನೇ ಹೇಳ್ಬೇಕಿತ್ತು. ಆಗ್ಲಿಲ್ಲ.”

ನಗು ನಿಂತಿತು. ಕಿಟಕಿಯಲ್ಲಿ, ಮುಂದಿನ ಹಲ್ಲು ಬಿದ್ದ ಒಂದು ಹುಡುಗಿ ಕೇಳಿದಳು, “ಹಾಗಾದ್ರೆ ಅಜ್ಜಿ ಬರಲ್ವಾ? ಗುಂಡಿ ಯಾರು ಹಾಕ್ತಾರೆ?”

ಆ ಹುಡುಗಿಯ ಮುಖ ನೋಡಿದೆ. ವಾರವೆಲ್ಲ ಅದೇ ಕಥೆ ಕೇಳಿ ಕೇಳಿ ನನ್ನ ತಲೆಗೂ ಅಂಟಿತ್ತಲ್ಲ.

“ಪುಟ್ಟೀ, ಮೀನಿನ ಹೊಟ್ಟೆಯಿಂದ ಹೊರಗೆ ಬಂದ ಪ್ರವಾದಿ ಎಲ್ಲಿಗೆ ಹೋದ?”

ಅವಳೊಬ್ಬಳಲ್ಲ, ಎಲ್ಲ ಕಿಟಕಿಗಳೂ ಕೂಗಿದವು, “ಪಟ್ಟಣಕ್ಕೆ!”

“ಹೋಗಿ ಏನು ಹೇಳ್ದ?”

“ಪಟ್ಟಣ ಹಾಳಾಗಿ ಹೋಗುತ್ತೆ ಅಂತ!”

“ಹಾಳಾಯ್ತಾ?”

“ಇಲ್ಲಾ! ದೇವರು ಮನಸ್ಸು ಬದಲಾಯಿಸಿದ!”

ನಾನು ಡಾಕ್ಟರ ಕಡೆಗೆ ತಿರುಗಿದೆ. “ಕೇಳಿಸ್ಕೊಂಡ್ರಾ ಡಾಕ್ಟ್ರೇ? ದೇವರೇ ಹೇಳಿದ ಮಾತು ವಾಪಸ್ ತಗೊಂಡ. ಕಮಿಟಿ ಅದಕ್ಕಿಂತ ದೊಡ್ಡದಾ?”

ಡಾಕ್ಟರು ಬಾಯಿ ತೆರೆದರು. ಜೀವನದಲ್ಲಿ ಮೊದಲ ಸಲ ನಾವೆಲ್ಲ ಅವರ ಹಲ್ಲು ನೋಡಿದೆವು.

“ಅದು… ನಿಮ್ಮ ಒಳ್ಳೇದಕ್ಕೇ ಅಜ್ಜಿ. ಹೋದ ವರ್ಷ ಬಿದ್ರಿ. ಮತ್ತೆ ಬಿದ್ದು ಮೂಳೆಗೀಳೆ ಮುರಿದ್ರೆ ನಿಮ್ಮ ಮಗನಿಗೆ ನಾನೇನು ಹೇಳ್ಲಿ?”

ಆ ಮಾತಿನಲ್ಲಿ ಕಳ್ಳತನ ಇರಲಿಲ್ಲ. ನನಗೂ ಸ್ವಲ್ಪ ಮೆತ್ತಗಾಯಿತು.

“ಮನೇಲಿ ಕೂತ್ರೆ ಮುರಿಯಲ್ಲ, ನಿಜ,” ಎಂದೆ. “ತುಕ್ಕು ಹಿಡೀತೀನಿ.”

ಒಳಗಿನಿಂದ ಅಡುಗೆಯವನು ಕೂಗಿದ, “ಡಾಕ್ಟ್ರೇ, ನನ್ನ ಕಾಲು ಜೋಮು ಹಿಡೀತಿದೆ. ಹೂಂ ಅಂದ್ಬಿಡಿ! ಅಜ್ಜಿ ಬರ್ಲಿಲ್ಲ ಅಂದ್ರೆ ನನ್ನ ಈರುಳ್ಳಿ ಹೆಚ್ಚೋರು ಯಾರು? ನೀವು ಬರ್ತೀರಾ?”

“ಹೂಂ ಅನ್ರೀ,” ಎಂದರು ಡಾಕ್ಟರ ಹೆಂಡತಿ, ಚಾವಣಿಯಿಂದ ಕಣ್ಣಿಳಿಸಿ. “ಬಾಗಿಲ ಮೊಳೆಗೆ ಸಿಕ್ಕಿ ಹೊದಿಕೆ ಹಿಂಜ್ತಾ ಇದೆ.”

ಡಾಕ್ಟರು ಹೊದಿಕೆ ನೋಡಿದರು, ಮಕ್ಕಳನ್ನು ನೋಡಿದರು, ನನ್ನನ್ನು ನೋಡಿದರು.

“ಹಗ್ಗ ಜಗ್ಗಾಟಕ್ಕೆ ಇಳಿಯೋ ಹಾಗಿಲ್ಲ.”

“ಹಗ್ಗ ಮುಟ್ಟಲ್ಲ. ದಾರ ಮಾತ್ರ.”

“ಹಾಗಾದ್ರೆ… ಹೂಂ. ಕಮಿಟಿನ ನಾನು ಒಪ್ಪಿಸ್ತೀನಿ.”

ನಾನು ಎಳೆದೆ. ಸರ್ರನೆ, ಈ ಕೆನ್ನೆಯಿಂದ ಆ ಕೆನ್ನೆಯವರೆಗೆ ತಿಮಿಂಗಿಲ ಬಾಯಿ ಬಿಟ್ಟಿತು. ಅಡುಗೆಯವನು ನೇರವಾಗಿ ಬನ್ನಿನ ತಟ್ಟೆಯ ಮೇಲೆ ಬಿದ್ದ. ಪಾಸ್ಟರು ಬರಿಗಾಲಲ್ಲಿ, ವೇಷದ ಗಡ್ಡ ಕಿವಿಗೆ ಜಾರಿ, ಕಾಲರು ಬೆನ್ನ ಹಿಂದೆ ತಿರುಗಿ, ನನ್ನ ಕಾಲ ಬುಡದಲ್ಲಿ ಉರುಳಿದರು. ಶಿಬಿರದ ತಗಡಿನ ಚಾವಣಿ ಎದ್ದು ಹಾರಿ ಮತ್ತೆ ಕೂತುಕೊಂಡಿತು, ಅಂಥ ಕೇಕೆ.

“ಅಜ್ಜಿ,” ಎಂದರು ಪಾಸ್ಟರು, ಏದುಸಿರು ಬಿಡುತ್ತಾ, “ನೀವು ವಾರ ಪೂರ್ತಿ ಬೇಕೂಂತಲೇ ನನ್ನಿಂದ ತಪ್ಪಿಸ್ಕೊಂಡ್ರಿ ಅಲ್ವಾ?”

“ನಾನಾ? ನಂಗೆ ಓಡೋಕಾಗುತ್ತಾ ಮಗಾ? ನಂಗೆ ಎಪ್ಪತ್ತು ದಾಟಿದೆ.”

ಸಂಜೆ ಎಲ್ಲರೂ ತಳ ಕರಿದಾದ ಬನ್ನು ತಿಂದರು. ಡಾಕ್ಟರು ಎರಡು ತಿಂದು, ಹಲ್ಲಿಗೆ ಒಳ್ಳೆಯದಲ್ಲ ಎಂದರು. ಹೊದಿಕೆಯ ಹಿಂಜಿದ ಜಾಗಕ್ಕೆ ನಾನು ತೇಪೆ ಹಾಕಿಕೊಟ್ಟೆ. ತಿಮಿಂಗಿಲದ ಒಂದು ಹಲ್ಲು ಮಾತ್ರ ಇನ್ನೂ ಅವರ ಕಾರಿನ ಮೇಲೆ ಅಂಟಿಕೊಂಡಿದೆಯಂತೆ.

ಮುಂದಿನ ಬೇಸಿಗೆಗೆ ದೊಡ್ಡ ಪ್ರಳಯದ ಕಥೆಯಂತೆ. ಪ್ರಾಣಿಗಳನ್ನೆಲ್ಲ ತುಂಬಿಕೊಂಡ ಹಡಗಿನ ಬಾಗಿಲನ್ನು ದೇವರೇ ಹೊರಗಿನಿಂದ ಮುಚ್ಚುತ್ತಾನಂತೆ. ಮೊಮ್ಮಗಳು ಓದಿ ಹೇಳಿದಳು. ಹೊರಗಿನಿಂದ ಮುಚ್ಚುವುದೆಂದರೆ ನನಗೆ ಗೊತ್ತಿರುವ ಕೆಲಸವೇ. ಪಾಸ್ಟರು ಅದರಲ್ಲಿ ತಾನು ಹೊರಗೇ ನಿಂತು ಮಳೆ ಸುರಿಸುತ್ತೇನೆ ಎಂದು ಈಗಲೇ ಹೇಳಿಬಿಟ್ಟಿದ್ದಾರೆ. ಒಳಗೆ ಕೂರಲು ನಾವೆಲ್ಲ ಸೇರಿ ಸೆಕ್ರೆಟರಿಯವರನ್ನೇ ಆರಿಸಿದ್ದೇವೆ. ಅವರಿಗೆ ಯಾರೂ ಇನ್ನೂ ಹೇಳಿಲ್ಲ. ದಬ್ಬಣಕ್ಕೆ ಎಣ್ಣೆ ಹಚ್ಚಿ, ಕುರ್ಚಿಯ ಹಳ್ಳದಲ್ಲಿ ಇಟ್ಟಿದ್ದೇನೆ. ಅಲ್ಲಿ ಕೂರಲು ನನಗೆಲ್ಲಿ ಪುರುಸೊತ್ತು?